ಆಟಿಯ ಮಳೆಗೆ ನಿಲ್ಲುವ ಕುದುರೆ ಯಾವುದು? ಕರಾವಳಿಯಲ್ಲಿ ಮೊದಲ ಕುದುರೆ ತರುವವರಿಗೆ

ಬ್ರಹ್ಮಾವರದ ಹತ್ತಿರ ನಮ್ಮ ಮನೆಯ ಹಟ್ಟಿಯ ಪಕ್ಕ ಒಂದು ಕುದುರೆ ಉಂಟು ಅಂತ ಗೊತ್ತಾದ ಮೇಲೆ ಫೋನ್ ಮಾಡಿ ಕೇಳುವವರು ಜಾಸ್ತಿಯಾಗಿದ್ದಾರೆ. ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ: "ಯಾವ ಜಾತಿ ಒಳ್ಳೇದು ಮಾರಾಯ್ರೆ, ಮಾರ್ವಾಡಿಯಾ, ರೇಸಿನದ್ದಾ?" ಎರಡನೆಯ ಪ್ರಶ್ನೆ ರೇಟು. ನಾನು ತಿರುಗಿ ಕೇಳುವುದು ಬೇರೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಅದನ್ನು ಎಲ್ಲಿ ನಿಲ್ಲಿಸುತ್ತೀರಿ, ಏನು ತಿನ್ನಿಸುತ್ತೀರಿ, ಅದರ ಗೊರಸು ಯಾರು ನೋಡುತ್ತಾರೆ?

ಹೆದರಿಸಲು ಕೇಳುವುದಲ್ಲ. ಕುದುರೆಯ ಬಗ್ಗೆ ನಮಗೆ ಸಿಗುವ ಮಾಹಿತಿ ಹೆಚ್ಚಿನದು ಒಣ ಊರುಗಳದ್ದು. ರಾಜಸ್ಥಾನ, ಸೌರಾಷ್ಟ್ರ, ಪುಣೆ, ಬೆಂಗಳೂರು. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಬಿಟ್ಟರೆ ಬೆವರು ಆರದ ಸೆಕೆ. ಹಿಂದೆ ಅರಬ್ಬೀ ಕುದುರೆಗಳು ಭಟ್ಕಳದಂಥ ನಮ್ಮ ಕರಾವಳಿಯ ಬಂದರುಗಳಲ್ಲೇ ಇಳಿಯುತ್ತಿದ್ದವು, ಆದರೆ ಇಲ್ಲಿ ನಿಲ್ಲದೆ ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಹಾಗಾಗಿ ನಮ್ಮ ಊರುಗಳಲ್ಲಿ ಕುದುರೆ ಸಾಕುವ ರೂಢಿ ಇಲ್ಲ. ದನಕ್ಕೋ ಕೋಣಕ್ಕೋ ಏನಾದರೂ ಆದರೆ ಪಕ್ಕದ ಮನೆಯ ಅಜ್ಜನಿಗೆ ಗೊತ್ತಿರುತ್ತದೆ. ಕುದುರೆಗೆ ಆದರೆ ಊರಲ್ಲಿ ಕೇಳುವುದಕ್ಕೆ ಯಾರೂ ಸಿಗುವುದಿಲ್ಲ.

ಅದಕ್ಕೇ ಇಲ್ಲಿ ಬರೆಯುವ ಎಲ್ಲಾ ಹೋಲಿಕೆಯನ್ನೂ ಆಟಿಯ ಕಡೆಯಿಂದ ಮಾಡುತ್ತೇನೆ. ಡಿಸೆಂಬರಿನ ತಂಪಿನಲ್ಲಿ ಎಲ್ಲಾ ಕುದುರೆಯೂ ಚೆಂದವೇ.

ರೇಸಿನಿಂದ ಬಿಡಿಸಿದ ಕುದುರೆ

ನಾನು ಮೊದಲು ತಂದದ್ದು ಇದನ್ನೇ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್‌ಗಳಿಂದ ಪ್ರತಿ ವರ್ಷ ಥರೋಬ್ರೆಡ್ ಕುದುರೆಗಳು ಹೊರಗೆ ಬರುತ್ತವೆ, ಹೆಚ್ಚಿನವು ಇನ್ನೂ ಎಳೆಯವು, ನಾಲ್ಕರಿಂದ ಏಳು ವರ್ಷದವು. ಎತ್ತರ 16 ಕೈಯ ಆಸುಪಾಸು. ಒಂದು ಕೈ ಅಂದರೆ 4 ಇಂಚು, ನೆಲದಿಂದ ಕತ್ತು ಮತ್ತು ಬೆನ್ನು ಸೇರುವ ಉಬ್ಬಿನ ತನಕ ಅಳೆಯುವುದು. ಮೈ ಮಿರಮಿರ ಹೊಳೆಯುತ್ತದೆ, ನಡಿಗೆ ನೋಡಿದರೆ ಕಣ್ಣು ಕೀಳಲಿಕ್ಕಾಗುವುದಿಲ್ಲ. ಬೆಲೆಯೂ ಅನೇಕ ಸಲ ಉಳಿದವಕ್ಕಿಂತ ಕಡಿಮೆ. ಇನ್ನೇನು ಬೇಕು ಅನಿಸುತ್ತದೆ, ಅಲ್ವಾ?

ಆರು ವರ್ಷದ ಕೆಂಚು ಬಣ್ಣದ ಹೆಣ್ಣು ಕುದುರೆ. ಫೆಬ್ರವರಿಯಲ್ಲಿ ಶಿರಾಡಿ ಇಳಿಸಿ ತಂದೆ. ಮಾರಿದವರು "ಎಲ್ಲಾ ಹವೆಗೂ ಒಗ್ಗುತ್ತದೆ" ಅಂದಿದ್ದರು, ನಾನು ನಂಬಿದೆ. ಎರಡು ತಿಂಗಳು ಚೆನ್ನಾಗಿಯೇ ಇತ್ತು. ಏಪ್ರಿಲ್ ಕೊನೆಗೆ ಒಂದು ಮಧ್ಯಾಹ್ನ ಸುಮ್ಮನೆ ನೆರಳಲ್ಲಿ ನಿಂತ ಕುದುರೆ ಮೂಗಿನ ಹೊಳ್ಳೆ ಅಗಲಿಸಿಕೊಂಡು ಏದುಸಿರು ಬಿಡುತ್ತಿತ್ತು. ನಿಮಿಷಕ್ಕೆ 60ಕ್ಕೂ ಹೆಚ್ಚು ಉಸಿರು ಎಣಿಸಿದೆ. ಆರಾಮಾಗಿ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಮೈ ಮುಟ್ಟಿದರೆ ಕೆಂಡ, ಆದರೆ ಒಂದು ಹನಿ ಬೆವರಿಲ್ಲ. ಬಂದ ಡಾಕ್ಟರು ಪುಣ್ಯಾತ್ಮರು, ತನಗೆ ಕುದುರೆಯ ಅನುಭವ ಕಡಿಮೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ, ಕುದುರೆ ನೋಡುವ ಬೆಂಗಳೂರಿನ ಡಾಕ್ಟರಿಗೆ ನನ್ನ ಎದುರೇ ಫೋನ್ ಮಾಡಿದರು. ಬೆಂಗಳೂರಿನವರು ಮೊದಲು ಕೇಳಿದ್ದು, "ಬೆವರುತ್ತದಾ?"

ಇದಕ್ಕೆ ಅನ್‌ಹೈಡ್ರೋಸಿಸ್ ಅಂತಾರೆ. ಸೆಕೆ ಮತ್ತು ತೇವ ಎರಡೂ ಬಿಡದೆ ಇರುವ ಊರಿನಲ್ಲಿ ಕೆಲವು ಕುದುರೆಗಳ ಬೆವರಿನ ಗ್ರಂಥಿಗಳು ಕೆಲಸ ನಿಲ್ಲಿಸಿಬಿಡುತ್ತವೆ. ಕುದುರೆ ತನ್ನ ಮೈ ತಣ್ಣಗೆ ಮಾಡಿಕೊಳ್ಳುವುದು ಮುಖ್ಯವಾಗಿ ಬೆವರಿನಿಂದಲೇ. ಅದು ನಿಂತರೆ ಒಂದು ಸಣ್ಣ ಓಟವೂ ಜೀವಕ್ಕೆ ಅಪಾಯ. ಮದ್ದು ಕೊಟ್ಟು ಗುಣ ಮಾಡುವಂಥದ್ದಲ್ಲ. ಫ್ಯಾನು, ನೀರು, ಉಪ್ಪು, ನೆರಳು ಎಲ್ಲಾ ಮಾಡಿ ನೋಡಿದೆ, ಕೊನೆಗೆ ಮೂಡಿಗೆರೆಯ ಸ್ನೇಹಿತರ ಕಾಫಿ ತೋಟಕ್ಕೆ ಕಳಿಸಿದೆ. ಅಲ್ಲಿ ಎರಡು ತಿಂಗಳಲ್ಲಿ ಮತ್ತೆ ಬೆವರಿತು. ಈಗಲೂ ಅಲ್ಲೇ ಉಂಟು, ನಾನು ಹೋದಾಗ ದೂರದಿಂದಲೇ ಕೆನೆಯುತ್ತದೆ.

ಎಲ್ಲಾ ಥರೋಬ್ರೆಡ್‌ಗೂ ಹೀಗಾಗುವುದಿಲ್ಲ, ಉಳಿದ ಜಾತಿಗೆ ಆಗುವುದೇ ಇಲ್ಲ ಅಂತಲೂ ಅಲ್ಲ. ಆದರೆ ತಂಪು ಊರಿನಿಂದ ಇಳಿದು ಬಂದ ಕುದುರೆಗೆ ಈ ಭಯ ಜಾಸ್ತಿ. ಬೇರೆ ತೊಂದರೆಗಳೂ ಉಂಟು. ರೇಸಿನ ಕುದುರೆಗೆ ಗೊತ್ತಿರುವುದು ಓಡುವುದು. ಲಗಾಮು ಎಳೆದರೆ ನಿಲ್ಲಬೇಕು ಅಂತ ನಮಗೆ ಅನಿಸುತ್ತದೆ, ಆದರೆ ಆ ಕುದುರೆಗೆ ಬಾಯಿಗೆ ಭಾರ ಬಿದ್ದರೆ ಅದನ್ನೇ ಊರಿಕೊಂಡು ಇನ್ನೂ ಜೋರಾಗಿ ಓಡಿ ರೂಢಿ. ಹೊಸ ಸವಾರನಿಗೆ ಇದು ಕಷ್ಟ. ಮುಂಗಾಲಿನ ಹಿಂಭಾಗದ ಸ್ನಾಯುರಜ್ಜು ಹಳೆಯ ಪೆಟ್ಟಿನಿಂದ ಬಿಲ್ಲಿನ ಹಾಗೆ ಉಬ್ಬಿರಬಹುದು, ಹೊಟ್ಟೆಯಲ್ಲಿ ಹುಣ್ಣು ಇರಬಹುದು, ಅಂಗಾಲು ತೆಳು ಇರಬಹುದು. ಒಂದೆರಡು ವರ್ಷ ಯಾರಾದರೂ ನುರಿತವರು ಮರುತರಬೇತಿ ಕೊಟ್ಟು, ಅದೂ ಕರಾವಳಿಯಲ್ಲೇ ಒಂದು ಬೇಸಿಗೆ ಕಳೆದ ಥರೋಬ್ರೆಡ್ ಆದರೆ ನೋಡಬಹುದು. ಕೋರ್ಸಿನಿಂದ ನೇರ ಬಂದದ್ದು ಮೊದಲ ಕುದುರೆಯಾಗಿ ಬೇಡ. ಇದನ್ನು ನಾನು ಖಡಾಖಂಡಿತ ಹೇಳುತ್ತೇನೆ.

ಮಾರ್ವಾಡಿ, ಕಾಠಿಯಾವಾಡಿ

ರಾಜಸ್ಥಾನ, ಸೌರಾಷ್ಟ್ರ ಕಡೆಯ, ಒಳಗೆ ಬಾಗಿದ ಕಿವಿಯ ಕುದುರೆಗಳು. ಕಾಠಿಯಾವಾಡಿಯ ಕಿವಿಯ ತುದಿಗಳು ಒಂದಕ್ಕೊಂದು ತಾಗುವಷ್ಟು ಬಾಗಿರುತ್ತವೆ. ಸಾಮಾನ್ಯವಾಗಿ 14ರಿಂದ 15 ಕೈ ಎತ್ತರ. ಸೆಕೆ ತಡೆಯುತ್ತವೆ, ಕಡಿಮೆ ಮೇವಿನಲ್ಲೂ ಮೈ ಹಿಡಿಯುತ್ತವೆ, ಗೊರಸು ಗಟ್ಟಿ. ನನ್ನ ಈಗಿನದ್ದು ಕಾಠಿಯಾವಾಡಿ ಬೆರಕೆ, ಬೀಜ ತೆಗೆಸಿದ ಗಂಡು, ತಂದಾಗ ಹನ್ನೆರಡು ವರ್ಷ. ನಾಲ್ಕು ಮಳೆಗಾಲ ಕಂಡಿದೆ.

ಆದರೆ ಇಲ್ಲಿ ಬೇರೆ ಒಂದು ಬಲೆ ಉಂಟು. ಪುಷ್ಕರದ ಜಾತ್ರೆಯಲ್ಲೋ, ಮಹಾರಾಷ್ಟ್ರದ ಸಾರಂಗಖೇಡಾದಲ್ಲೋ ಈ ಕುದುರೆಗಳಿಗೆ ಬೆಲೆ ಕಟ್ಟುವುದು ಎತ್ತರಕ್ಕೆ, ಬಣ್ಣಕ್ಕೆ, ಸುಳಿಗೆ, ಕಿವಿಯ ಬಾಗಿಗೆ, ಕುಣಿತಕ್ಕೆ. ನಿಮಗೆ ಇದರಲ್ಲಿ ಒಂದೂ ಪ್ರಯೋಜನಕ್ಕೆ ಬರುವುದಿಲ್ಲ. ಕುಣಿತ ಕಲಿತ ಕುದುರೆಗೆ ಸುಮ್ನೆ ನಿಲ್ಲುವುದೇ ಗೊತ್ತಿರುವುದಿಲ್ಲ ಅನ್ನುವುದೂ ಉಂಟು. ಅಲ್ಲಿ ಬೀಜ ತೆಗೆಯದ ಗಂಡು ಕುದುರೆ ಇಟ್ಟುಕೊಳ್ಳುವುದು ಹೆಮ್ಮೆ. ಮೊದಲ ಸಲ ಸಾಕುವವರು ಗಂಡು ಕುದುರೆ ತಂದರೆ, ಪಕ್ಕದ ಊರಿಗೆ ಒಂದು ಹೆಣ್ಣು ಕುದುರೆ ಬಂದ ದಿನ ಅದನ್ನು ಹಿಡಿಯಲು ಮೂರು ಜನ ಬೇಕು. ಬೀಜ ತೆಗೆಸಿದ್ದು ಅತ್ಯುತ್ತಮ, ಶಾಂತ ಸ್ವಭಾವದ ಹೆಣ್ಣು ಅದರ ನಂತರ. ಬೀಜದ ಗಂಡು ಬೇಡವೇ ಬೇಡ.

ಮತ್ತೆ ದೂರ. ಅಷ್ಟು ಉತ್ತರದಿಂದ ಇಲ್ಲಿಗೆ ಲಾರಿಯಲ್ಲಿ ಮೂರು ದಿನವಾದರೂ ಬೇಕು. ಕುದುರೆಯ ತಲೆಯನ್ನು ಮೇಲಕ್ಕೆ ಎತ್ತಿ ಕಟ್ಟಿ ಸಾಗಿಸಿದರೆ ಅದಕ್ಕೆ ತಲೆ ಬಗ್ಗಿಸಿ ಮೂಗು, ಗಂಟಲು ಸ್ವಚ್ಛ ಮಾಡಿಕೊಳ್ಳಲಿಕ್ಕಾಗುವುದಿಲ್ಲ, ಧೂಳು ಎದೆಗೆ ಇಳಿದು ನ್ಯುಮೋನಿಯಾ ಆಗುತ್ತದೆ. ಕೆಲವು ಗಂಟೆಗೊಮ್ಮೆ ನಿಲ್ಲಿಸಿ, ನೀರು ಕೊಟ್ಟು, ತಲೆ ಕೆಳಗೆ ಬಿಟ್ಟು ತರುವವರು ಇದ್ದರೆ ಮಾತ್ರ ಆ ದಾರಿ. ಇಲ್ಲದಿದ್ದರೆ ಕರ್ನಾಟಕದ ಒಳಗೇ ಒಂದೆರಡು ವರ್ಷದಿಂದ ಇರುವ ದೇಸಿ ಕುದುರೆ ಹುಡುಕಿ. ನಾನು ಮಾಡಿದ್ದು ಅದನ್ನೇ.

ಮದುವೆ ಕುದುರೆ, ಬೀಚಿನ ಕುದುರೆ, ತಟ್ಟು

ಇವನ್ನು ಜನ ಕೀಳಾಗಿ ನೋಡುತ್ತಾರೆ. ನಾನು ನೋಡುವುದಿಲ್ಲ. ಬ್ಯಾಂಡು, ಪಟಾಕಿ, ಜನಜಂಗುಳಿ, ಮಕ್ಕಳ ಕಿರುಚಾಟ ಎಲ್ಲಾ ಕಂಡ ಕುದುರೆ ನಮ್ಮ ಊರಿಗೆ ದೊಡ್ಡ ಆಸ್ತಿ. ಜಾತ್ರೆಯ ದಿನ ಗರ್ನಾಲು ಹೊಡೆದಾಗ ಲಾಯದ ಬಾಗಿಲು ಒದ್ದು ಹಾರುವ ಕುದುರೆಗಿಂತ ಕಿವಿ ಒಂದು ಸಲ ಅಲ್ಲಾಡಿಸಿ ಹುಲ್ಲು ತಿನ್ನುವ ಕುದುರೆ ಎಷ್ಟೋ ವಾಸಿ. ಚೆಂಡೆ, ಕೋಲದ ರಾತ್ರಿಯ ಸದ್ದು, ಹೈವೇಯ ಲಾರಿ ಹಾರ್ನ್ ಇವೆಲ್ಲ ನಮ್ಮಲ್ಲಿ ವರ್ಷವಿಡೀ ಇರುವಂಥದ್ದು.

ಆದರೆ ಬಾಯಿ ತೆರೆಸಿ ನೋಡಬೇಕು. ಕೆಲವರು ಮುಳ್ಳಿನ ಕಡಿವಾಣ ಹಾಕಿ ಓಡಿಸುತ್ತಾರೆ, 1965ರ ಕೇಂದ್ರದ ನಿಯಮದಲ್ಲೇ ಇದಕ್ಕೆ ನಿಷೇಧ ಉಂಟು, ಆದರೂ ನಿಂತಿಲ್ಲ. ನಾಲಿಗೆ, ಬಾಯಿಯ ಮೂಲೆಯಲ್ಲಿ ಹಳೆ ಗಾಯದ ಗುರುತು ಇದ್ದರೆ ಆ ಕುದುರೆಗೆ ಲಗಾಮು ಅಂದರೆ ನೋವು ಅಂತಲೇ ಅರ್ಥ. ಡಾಂಬರಿನ ಮೇಲೆ ವರ್ಷಗಟ್ಟಲೆ ನಿಂತ ಕಾಲಿನ ಗಂಟುಗಳು ದಪ್ಪವಾಗಿರಬಹುದು. ಬೆನ್ನಿನಲ್ಲಿ ಜೀನಿನ ಹುಣ್ಣು ಇರಬಹುದು. ಇವೆಲ್ಲ ಲೆಕ್ಕಕ್ಕೆ ಹಿಡಿದು, ವಯಸ್ಸು ಹದಿನೈದರ ಒಳಗಿದ್ದರೆ, ನಡಿಗೆ ಸರಿ ಇದ್ದರೆ ಖಂಡಿತ ತನ್ನಿ. ಅಂಥ ಕುದುರೆಗೂ ಒಳ್ಳೆಯ ಮನೆ ಬೇಕಲ್ಲ.

ತಟ್ಟು, ಅಂದರೆ ಗಿಡ್ಡ ಕುದುರೆ, ಮಕ್ಕಳಿಗೆ ಸರಿ. 14.2 ಕೈಗಿಂತ (14 ಕೈ 2 ಇಂಚು) ಗಿಡ್ಡದ್ದನ್ನು ಪೋನಿ ಅಂತ ಲೆಕ್ಕ ಹಿಡಿಯುತ್ತಾರೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದರಲ್ಲಿ ಒಂದು ಪಾಲು ಮೀರಬಾರದು ಅಂತ ಒಂದು ಲೆಕ್ಕ. 350 ಕೆಜಿಯ ಕುದುರೆಗೆ 70 ಕೆಜಿ. ನೀವು 80 ಕೆಜಿ ಇದ್ದರೆ ತಟ್ಟುವಿನ ಆಸೆ ಬಿಡಿ.

ಮರಿ ತಂದು ಮಗನ ಜೊತೆಗೇ ಬೆಳೆಸುತ್ತೇನೆ ಅನ್ನುವವರಿಗೆ ನನ್ನದು ಒಂದೇ ಉತ್ತರ, ಬೇಡ. ಗೊತ್ತಿಲ್ಲದ ಸವಾರ, ಗೊತ್ತಿಲ್ಲದ ಕುದುರೆ, ಇಬ್ಬರೂ ಆಸ್ಪತ್ರೆಗೆ ಹೋಗುತ್ತಾರೆ. ಮೊದಲ ಕುದುರೆ ನಿಮಗಿಂತ ಹೆಚ್ಚು ಕಲಿತದ್ದಾಗಿರಬೇಕು. ಎಂಟರಿಂದ ಹದಿನಾಲ್ಕು ವರ್ಷ ಒಳ್ಳೆಯ ಪ್ರಾಯ. ಕುದುರೆ 25 ವರ್ಷ, ಚೆನ್ನಾಗಿ ನೋಡಿಕೊಂಡರೆ ಅದಕ್ಕೂ ಹೆಚ್ಚು ಬದುಕುತ್ತದೆ, ಹಾಗಾಗಿ ಹನ್ನೆರಡು ಅಂದರೆ ಮುದಿ ಅಲ್ಲ.

ಈಗಲೇ ತರಬೇಕಾ?

ವಾರಕ್ಕೆ ಎರಡು ಸಲ ಸವಾರಿ ಮಾಡಬೇಕು ಅನ್ನುವುದಷ್ಟೇ ಆಸೆಯಾದರೆ ಕುದುರೆ ಕೊಳ್ಳಬೇಕಾಗಿಲ್ಲ. ಕಲಿಸುವ ಜಾಗ ಹುಡುಕಿ ಒಂದು ವರ್ಷ ಹೋಗಿ, ಅಥವಾ ಈಗಾಗಲೇ ಕುದುರೆ ಇರುವವರ ಹತ್ತಿರ ಮಾತಾಡಿ ಖರ್ಚು ಹಂಚಿಕೊಂಡು ಅವರ ಕುದುರೆಯನ್ನೇ ವಾರದಲ್ಲಿ ಮೂರು ದಿನ ನೋಡಿಕೊಳ್ಳಿ. ಬರೇ ಹತ್ತುವುದಲ್ಲ. ಲದ್ದಿ ತೆಗೆಯಿರಿ, ಗೊರಸು ಕೆರೆಯಿರಿ, ಮೈ ಉಜ್ಜಿ. ಕಾಲೇಜು ಮಕ್ಕಳಿಗೆ ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರ್ನರಿ (ಕುದುರೆ ಸವಾರಿ ಕಲಿಸುವ) ವಿಭಾಗ ಒಂದು ಒಳ್ಳೆ ದಾರಿ, ಬೆಂಗಳೂರಿನ ಹೆಬ್ಬಾಳದಲ್ಲಿ ಉಂಟು, ಅಲ್ಲಿ ಓದುವ ಮಕ್ಕಳಿದ್ದರೆ ಹೇಳಿ. ಇದರಲ್ಲಿ ಒಂದು ಮಳೆಗಾಲ ಕಳೆಯಬೇಕು ಅನ್ನುವುದು ನನ್ನ ಷರತ್ತು. ಜುಲೈ ಬೆಳಿಗ್ಗೆ ಐದೂವರೆಗೆ ಧೋ ಮಳೆಯಲ್ಲಿ ಎದ್ದು ಲಾಯಕ್ಕೆ ಹೋಗುವ ಮನಸ್ಸು ಆಗ ಇದ್ದರೆ ನೀವು ತಯಾರಾಗಿದ್ದೀರಿ.

ಮನೆಯಲ್ಲೇ ಇಡುವುದಾ, ಬೇರೆಯವರ ಲಾಯದಲ್ಲಿ ಬಾಡಿಗೆಗೆ ಬಿಡುವುದಾ ಅನ್ನುವುದೂ ಇದೇ ಲೆಕ್ಕದ್ದು. ಮಂಗಳೂರು ಪೇಟೆಯ ಒಳಗೆ ಇರುವವರಿಗೆ ಬೇರೆ ದಾರಿಯೇ ಇಲ್ಲ. ಹತ್ತಿರದಲ್ಲಿ ನೋಡಿಕೊಳ್ಳುವ ಜನ, ಬೇರೆ ಕುದುರೆಗಳು, ಬರುವ ಡಾಕ್ಟರು ಇರುವ ಜಾಗ ಸಿಕ್ಕಿದರೆ ತಿಂಗಳ ಖರ್ಚು ಜಾಸ್ತಿಯಾದರೂ ಮೊದಲ ಎರಡು ವರ್ಷಕ್ಕೆ ಅದೇ ಮೇಲು. ಹಳ್ಳಿಯಲ್ಲಿ ಜಾಗ ಇದ್ದವರಿಗೆ ಮನೆ ಅಗ್ಗ ಅನಿಸುತ್ತದೆ, ಆದರೆ ಮದುವೆಗೋ ಆಸ್ಪತ್ರೆಗೋ ಎರಡು ದಿನ ಹೋಗಬೇಕಾದರೆ ಕುದುರೆಯನ್ನು ಯಾರು ನೋಡುತ್ತಾರೆ ಅಂತ ಮೊದಲೇ ಗೊತ್ತಿರಬೇಕು. ಒಂಟಿ ಕುದುರೆ ಕೊರಗುತ್ತದೆ, ಅದು ಗುಂಪಿನ ಪ್ರಾಣಿ. ಇನ್ನೊಂದು ಕುದುರೆ ಆಗದಿದ್ದರೆ ಆಡೋ ದನವೋ ಕಣ್ಣಿಗೆ ಕಾಣುವ ಹಾಗೆ ಇರಲಿ. ನಮ್ಮಲ್ಲಿ ಅದರ ಪಕ್ಕ ಒಂದು ಮುದಿ ಆಡು ಮಲಗುತ್ತದೆ. ಆಡನ್ನು ಹೊರಗೆ ಕಟ್ಟಿದರೆ ಕುದುರೆ ಹುಲ್ಲು ಬಿಟ್ಟು ಬಾಗಿಲಲ್ಲೇ ನಿಲ್ಲುತ್ತದೆ.

ಮೇವಿನ ವಿಷಯ ಸ್ವಲ್ಪ ಉದ್ದ ಹೇಳಬೇಕು

ಕಂಬಳದ ಕೋಣ ಸಾಕಿದ ಮನೆಯವರಿಗೆ ಹುರುಳಿ ಬೇಯಿಸುವುದು, ಎಣ್ಣೆ ತಿಕ್ಕುವುದು ಎಲ್ಲಾ ಗೊತ್ತು. ಆದರೆ ಕೋಣ ಮೆಲುಕು ಹಾಕುವ ಪ್ರಾಣಿ, ನಾಲ್ಕು ಕೋಣೆಯ ಹೊಟ್ಟೆ. ಕುದುರೆಯದ್ದು ಸಣ್ಣ ಒಂದೇ ಹೊಟ್ಟೆ, ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ದನಕ್ಕೆ ನಡೆಯುವುದು ಕುದುರೆಗೆ ನಡೆಯುತ್ತದೆ ಅಂತ ತಿಳಿದಲ್ಲೇ ಹೆಚ್ಚಿನ ಅನಾಹುತ ಆಗುವುದು.

400 ಕೆಜಿ ಕುದುರೆಗೆ ದಿನಕ್ಕೆ 8 ಕೆಜಿಯಾದರೂ ಒಣ ಮೇವು ಬೇಕು. ವರ್ಷಕ್ಕೆ ಹತ್ತಿರ ಹತ್ತಿರ 3 ಟನ್. ಜೂನ್‌ನಿಂದ ಸೆಪ್ಟೆಂಬರಿಗೆ ಮಾತ್ರ ಲೆಕ್ಕ ಹಾಕಿದರೆ ಒಂದು ಟನ್, ಅದನ್ನು ಮೇ ಮುಗಿಯುವ ಒಳಗೆ ತಂದು ಒಳಗೆ ಹಾಕಿರಬೇಕು. ಈ ಒಂದು ಟನ್ ಇಡಲು ನೆಲದಿಂದ ಒಂದಡಿ ಮೇಲೆ, ಗಾಳಿ ಆಡುವ, ಸೋರದ ಜಾಗ ನಿಮ್ಮಲ್ಲಿ ಇದೆಯಾ? ಕುದುರೆ ನೋಡುವ ಮುಂಚೆ ಇದನ್ನು ನೋಡಿ. ಅಂಗಳದ ಹುಲ್ಲಿನ ಕುತ್ತರಿಯಲ್ಲಿ ಮಳೆಗಾಲಕ್ಕೆ ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ದನ ಅದನ್ನು ಸರಿಸಿ ಒಳ್ಳೆಯದು ತಿನ್ನುತ್ತದೆ. ಕುದುರೆಗೆ ಆ ಬೂಷ್ಟಿನ ಧೂಳಿನಿಂದ ಕೆಮ್ಮು, ಉಬ್ಬಸ, ಹೊಟ್ಟೆಶೂಲೆ.

ಬೈಹುಲ್ಲು ಒಂದನ್ನೇ ನಂಬಬೇಡಿ, ಅದರಲ್ಲಿ ಸತ್ವ ಕಡಿಮೆ, ಕರುಳಲ್ಲಿ ಗಟ್ಟಿ ಕಟ್ಟಿಕೊಳ್ಳುವ ಭಯವೂ ಉಂಟು. ಘಟ್ಟದ ಮೇಲಿಂದ ಓಟ್ಸ್ ಹುಲ್ಲು, ರೋಡ್ಸ್ ಹುಲ್ಲು ತರಿಸಬಹುದು, ಜೊತೆಗೆ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಸ್ವಲ್ಪ. ಇನ್ನೊಂದು ಮುಖ್ಯ ಮಾತು. ನಮ್ಮಲ್ಲಿ ಹೈನುಗಾರಿಕೆ ಮಾಡುವವರ ಹತ್ತಿರ ನೇಪಿಯರ್ ಹುಲ್ಲು ಧಾರಾಳ ಉಂಟು, ಹಸಿರಾಗಿ ಸೊಂಪಾಗಿರುತ್ತದೆ, ಕುದುರೆಗೂ ಅದೇ ಹಾಕಿದರೆ ಆಯ್ತಲ್ಲ ಅನಿಸುತ್ತದೆ. ಆ ಜಾತಿಯ ಹುಲ್ಲುಗಳಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕುದುರೆಯ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಅದರ ಮೇಲೆ ಬೂಸಾ, ತೌಡು ಹಾಕಿದರೆ ರಂಜಕ ಜಾಸ್ತಿಯಾಗಿ ಇನ್ನೂ ಕೆಡುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ದೇಹ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ, ದವಡೆ ಮುಖ ಊದಿಕೊಳ್ಳುತ್ತದೆ, ಕಾರಣ ಗೊತ್ತಾಗದ ಕುಂಟು ಶುರುವಾಗುತ್ತದೆ. ನೇಪಿಯರ್ ಮತ್ತು ತೌಡು, ಎರಡೂ ಹಟ್ಟಿಯಲ್ಲೇ ಇರುವ ವಸ್ತು, ಅದಕ್ಕೇ ಇಷ್ಟು ಹೇಳಿದೆ.

ದನದ, ಕೋಳಿಯ ಕೈತಿಂಡಿ ಚೀಲದಿಂದ ಒಂದು ಮುಷ್ಟಿಯೂ ಬೇಡ. ಅದರಲ್ಲಿ ಕೆಲವಕ್ಕೆ ಮೊನೆನ್ಸಿನ್ ಅಂತ ಒಂದು ಮದ್ದು ಸೇರಿಸುತ್ತಾರೆ, ಅದು ಕುದುರೆಯ ಹೃದಯಕ್ಕೆ ವಿಷ. ತೋಟಕ್ಕೆ ಮೈಲುತುತ್ತಿನ ಮದ್ದು ಬಿಟ್ಟ ಮೇಲೆ ಅಲ್ಲಿಯ ಹುಲ್ಲು ಕೊಯ್ದು ಹಾಕಬೇಡಿ. ಕಂಪೌಂಡಿನ ಕಣಗಿಲೆ ಗಿಡ ಬುಡ ಸಮೇತ ಕಿತ್ತು ತೆಗೆಯಿರಿ, ಅದರ ಸ್ವಲ್ಪ ಎಲೆಯೇ ಕುದುರೆಯನ್ನು ಕೊಲ್ಲುತ್ತದೆ. ಕಡಲ ಬದಿಯಲ್ಲಿ ಇರುವವರು ಹುಲ್ಲನ್ನು ನೆಲಕ್ಕೆ ಹಾಕದೆ ಗೋದಲಿಯಲ್ಲೇ ಹಾಕಿ. ಹುಲ್ಲಿನ ಜೊತೆ ಹೋದ ಹೊಯ್ಗೆ (ಮರಳು) ಕರುಳಲ್ಲಿ ಕೂತು ಶೂಲೆ ಬರಿಸುತ್ತದೆ. ನೀರು ದಿನಕ್ಕೆ 30 ಲೀಟರ್ ಅಂತ ಹಿಡಿಯಿರಿ, ಏಪ್ರಿಲ್ ಮೇ ತಿಂಗಳಲ್ಲಿ ಅದಕ್ಕೂ ಜಾಸ್ತಿ. ಉಪ್ಪು ಮರೆಯಬೇಡಿ, ಕುದುರೆಯ ಬೆವರಿನಲ್ಲಿ ಉಪ್ಪು ಬಹಳ ಹೋಗುತ್ತದೆ.

ಗೊರಸು

ಆಟಿಯಲ್ಲಿ ಕುದುರೆ ಸೋಲುವುದು ಗೊರಸಿನಿಂದ. ಗೊರಸಿನ ಅಡಿಯಲ್ಲಿ ಮಧ್ಯದ ಮೆತ್ತಗಿನ ಭಾಗ ಕೆಸರು, ಲದ್ದಿ, ಮೂತ್ರದಲ್ಲಿ ನಿಂತು ನಿಂತು ಕೊಳೆಯುತ್ತದೆ. ಕಪ್ಪು ಕೀವು, ಮೂಗು ಮುಚ್ಚುವಂಥ ವಾಸನೆ. ಥ್ರಶ್ ಅಂತಾರೆ. ಬಿಟ್ಟರೆ ಒಳಗಿನ ಜೀವಂತ ಭಾಗಕ್ಕೆ ಇಳಿದು ಕುಂಟುತ್ತದೆ. ದಿನಕ್ಕೆ ಎರಡು ಸಲ ಕೆರೆದು ಒಣಗಿಸುವುದು ಬಿಟ್ಟರೆ ಬೇರೆ ಉಪಾಯ ಇಲ್ಲ. ಹಾಗಾಗಿ ನಾಲ್ಕೂ ಕಾಲನ್ನು ಸುಮ್ಮನೆ ಎತ್ತಿ ಕೊಡದ ಕುದುರೆಯನ್ನು, ಎಷ್ಟೇ ಚೆಂದ ಇದ್ದರೂ, ಕರಾವಳಿಗೆ ತರಬೇಡಿ.

ಲಾಯದ ನೆಲ ನಮ್ಮ ಮುರಕಲ್ಲಿನದ್ದು ಆಗಬಹುದು, ಆದರೆ ಇಳಿಜಾರು ಇರಬೇಕು, ಮೇಲೆ ರಬ್ಬರ್ ಮ್ಯಾಟು, ಅದರ ಮೇಲೆ ಒಣ ಮರದ ಹೊಟ್ಟು. ಹಟ್ಟಿಗೆ ಹಾಕುವ ಹಾಗೆ ಹಸಿ ಸೊಪ್ಪು ಹಾಕಿ ಗೊಬ್ಬರ ಮಾಡುವ ಕ್ರಮ ಕುದುರೆಗೆ ಆಗುವುದೇ ಇಲ್ಲ. ಗೊಬ್ಬರಕ್ಕೇನೂ ಕಡಿಮೆ ಇಲ್ಲ, ದಿನಕ್ಕೆ 15ರಿಂದ 20 ಕೆಜಿ ಲದ್ದಿ ಬರುತ್ತದೆ, ನಮ್ಮ ತೆಂಗಿನ ಬುಡಗಳು ಈಗ ನೋಡುವ ಹಾಗಿವೆ. ಕೋಣೆ 12 ಅಡಿಗೆ 12 ಅಡಿ, ತಟ್ಟುವಿಗೆ 10ಕ್ಕೆ 10 ಸಾಕು. ಮಾಡು ಎತ್ತರ, ಎರಡು ಬದಿ ಗಾಳಿ. ಎರಚಲು ಬಾರದ ಹಾಗೆ ಮುಂದೆ ಮಾಡು ಚಾಚಿರಬೇಕು.

ಗೊರಸು ಕತ್ತರಿಸುವುದು ಆರರಿಂದ ಎಂಟು ವಾರಕ್ಕೊಮ್ಮೆ, ಲಾಳ ಇರಲಿ ಇಲ್ಲದಿರಲಿ. ನಮ್ಮ ಊರಲ್ಲಿ ಎತ್ತಿಗೆ ಲಾಳ ಹೊಡೆಯುವವರೇ ಅಪರೂಪ, ಕುದುರೆಗೆ ಹೊಡೆಯುವವರನ್ನು ಹೊರಗಿನಿಂದ ಕರೆಸಬೇಕು. ನಮ್ಮಲ್ಲಿಗೆ ಬರುವವರು ಮೈಸೂರಿನವರು, ಒಬ್ಬರಿಗಾಗಿ ಅಷ್ಟು ದೂರ ಬರುವುದಿಲ್ಲ, ಆದ್ದರಿಂದ ನಾವು ಕುದುರೆ ಇರುವ ನಾಲ್ಕು ಮನೆಯವರು ಸೇರಿ ಒಂದೇ ದಿನ ಕರೆಸುತ್ತೇವೆ. ಕುದುರೆಗೆ ಮುಂಗಡ ಕೊಡುವ ಮೊದಲು ಲಾಳದವರಿಗೂ ಕುದುರೆ ಗೊತ್ತಿರುವ ಡಾಕ್ಟರಿಗೂ ಫೋನ್ ಮಾಡಿ, "ನಮ್ಮಲ್ಲಿಗೆ ಬರುತ್ತೀರಾ?" ಅಂತ ಕೇಳಿ. ಇಬ್ಬರಲ್ಲಿ ಒಬ್ಬರಾದರೂ ಇಲ್ಲ ಅಂದರೆ, ಹೌದು ಅನ್ನುವವರು ಸಿಗುವ ತನಕ ಕೊಳ್ಳಬೇಡಿ.

ನೋಡಲು ಹೋದಾಗ

ಹೇಳದೆ ಅರ್ಧ ಗಂಟೆ ಮುಂಚೆ ಹೋಗಿ. ಕುದುರೆ ಮೊದಲೇ ಬೆವರಿ ಸುಸ್ತಾಗಿದ್ದರೆ, ನೀವು ಬರುವ ಮುಂಚೆ ಓಡಿಸಿ ಮೆತ್ತಗೆ ಮಾಡಿದ್ದಾರೆ. ಕಟ್ಟಿದಲ್ಲಿ ಹೇಗೆ ನಿಲ್ಲುತ್ತದೆ, ಮರ ಕಚ್ಚಿ ಗಾಳಿ ನುಂಗುವ ಚಟ ಇದೆಯಾ, ಅತ್ತಿತ್ತ ತೂಗಾಡುತ್ತದಾ ನೋಡಿ. ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ಓಡಿಸಿ. ಮುಂಗಾಲು ಕುಂಟುವ ಕುದುರೆ ಸರಿ ಇರುವ ಕಾಲು ನೆಲಕ್ಕೆ ಬಿದ್ದಾಗ ತಲೆ ಕೆಳಗೆ ಹಾಕುತ್ತದೆ, ನೋವಿನ ಕಾಲು ಬಿದ್ದಾಗ ಎತ್ತುತ್ತದೆ. ಮಾರುವವರೇ ಮೊದಲು ಹತ್ತಲಿ. ಅವರು ಹತ್ತಲು ಹಿಂಜರಿದರೆ ನೀವು ಹತ್ತಬೇಡಿ. ಇನ್ನೊಂದು ದಿನ, ಬೇರೆ ಹೊತ್ತಿಗೆ, ಮತ್ತೊಮ್ಮೆ ಹೋಗಿ.

ಹಲ್ಲು ನೋಡಿ ವಯಸ್ಸು ಹೇಳುವುದು ಐದು ವರ್ಷದ ತನಕ ಸರಿಯಾಗಿ ಸಿಗುತ್ತದೆ, ಆಗ ಮುಂಭಾಗದ ಹಲ್ಲೆಲ್ಲ ಬದಲಾಗಿ ಮುಗಿದಿರುತ್ತವೆ. ಅದರ ಮೇಲೆ ಸವೆತ ನೋಡಿ ಅಂದಾಜು ಅಷ್ಟೆ. "ಏಳು ವರ್ಷ" ಅಂದದ್ದು ಹನ್ನೊಂದು ಆಗಿರುವುದು ಸಾಮಾನ್ಯ. ರೇಸ್ ಕುದುರೆಗಾದರೆ ಗುರುತಿನ ಪುಸ್ತಕ, ಮೈಕ್ರೋಚಿಪ್ ಕೇಳಿ.

ಡಾಕ್ಟರನ್ನು ನೀವೇ ಕರೆದುಕೊಂಡು ಹೋಗಿ, ಮಾರುವವರು ತೋರಿಸಿದವರು ಬೇಡ. ಗ್ಲ್ಯಾಂಡರ್ಸ್ ರಕ್ತ ಪರೀಕ್ಷೆಯ ವರದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಮನುಷ್ಯರಿಗೂ ಬರುವ ರೋಗ ಅದು, ಬಂದ ಕುದುರೆಯನ್ನು ಕಾನೂನಿನ ಪ್ರಕಾರ ಸಾಯಿಸಬೇಕಾಗುತ್ತದೆ. ಕಚ್ಚುವ ದೊಡ್ಡ ನೊಣಗಳಿಂದ ಬರುವ ಸರ್ರಾ, ಉಣ್ಣಿಯಿಂದ ಬರುವ ಪೈರೋಪ್ಲಾಸ್ಮೋಸಿಸ್, ಇವೆರಡರ ಪರೀಕ್ಷೆಯನ್ನೂ ಅದೇ ರಕ್ತದಲ್ಲಿ ಮಾಡಿಸಿ. ಧನುರ್ವಾಯು ಮತ್ತು ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಗಿದೆಯಾ ಕೇಳಿ, ನಮ್ಮ ಬೀದಿನಾಯಿಗಳ ಊರಲ್ಲಿ ಎರಡನೆಯದು ತಪ್ಪಿಸಲೇಬಾರದು. ಸಾಗಿಸಲು ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು, 1978ರ ಪ್ರಾಣಿ ಸಾಗಣೆ ನಿಯಮದಲ್ಲಿ ಉಂಟು. ಆಗುಂಬೆಯಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ, ದಾರಿ ಮೊದಲೇ ಗೊತ್ತು ಮಾಡಿಕೊಳ್ಳಿ.

ಹಾಗಾದರೆ ನನ್ನ ಆಯ್ಕೆಯ ಸಾಲು ಹೀಗೆ. ಕರಾವಳಿಯಲ್ಲೇ ಒಂದು ಮಳೆಗಾಲವಾದರೂ ಕಳೆದ, ಬೀಜ ತೆಗೆಸಿದ, ಹತ್ತು ಹನ್ನೆರಡು ವರ್ಷದ, 14 ಕೈ ಆಸುಪಾಸಿನ, ಕಿವಿ ಬಣ್ಣ ಹೇಗೇ ಇರುವ ದೇಸಿ ಕುದುರೆ ಮೊದಲು. ಅದು ಸಿಗದಿದ್ದರೆ ಬಾಯಿ, ಕಾಲು ಸರಿ ಇರುವ ಮದುವೆ ಕುದುರೆ. ಅದೂ ಆಗದಿದ್ದರೆ ಬೇರೆಯವರ ಕುದುರೆಯಲ್ಲಿ ಪಾಲು. ಥರೋಬ್ರೆಡ್ ಎರಡನೆಯ ಕುದುರೆಯಾಗಿ ಬರಲಿ.

ನೋಡುವುದನ್ನು ಜುಲೈಯಲ್ಲಿ ನೋಡಿ, ಅದು ಹೇಗೆ ನಿಂತಿದೆ, ಗೊರಸು ಹೇಗಿದೆ, ಕೆಮ್ಮುತ್ತದಾ ಅಂತ ಕಣ್ಣಾರೆ ಗೊತ್ತಾಗುತ್ತದೆ. ಮನೆಗೆ ತರುವುದನ್ನು ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ ತನ್ನಿ. ಮುಂದಿನ ಸೆಕೆಗೆ ಒಗ್ಗಿಕೊಳ್ಳಲು ನಾಲ್ಕು ತಿಂಗಳು ಸಿಗುತ್ತದೆ, ಲಾಯದ ಮಾಡಿನಲ್ಲಿ ಸೋರುವ ಜಾಗ ಸರಿ ಮಾಡಲು ನಿಮಗೂ ಸಮಯ ಸಿಗುತ್ತದೆ. ತರುವ ದಿನ ಮಾರಿದವರ ಹತ್ತಿರವೇ ಹತ್ತು ದಿನಕ್ಕಾಗುವಷ್ಟು ಹಳೆಯ ಮೇವು ಕೇಳಿ ಲಾರಿಗೆ ಹಾಕಿಸಿಕೊಳ್ಳಿ. ನಿಮ್ಮ ಹುಲ್ಲನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಅದಕ್ಕೆ ಬೆರೆಸುತ್ತಾ ಹೋಗಿ, ಒಮ್ಮೆಲೇ ಬದಲಾಯಿಸಿದರೆ ಮೊದಲ ವಾರವೇ ಹೊಟ್ಟೆಶೂಲೆ ಬರುತ್ತದೆ. ಆ ಹತ್ತು ದಿನ ಹತ್ತಬೇಡಿ. ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ಅಂಗಳ, ಗದ್ದೆ ಬದಿ, ಬಾವಿಕಟ್ಟೆ ಎಲ್ಲಾ ತೋರಿಸಿ ನಡೆಸಿ.